ಸ್ಕ್ರೀನು ‘ಮೇಲ್ ಹೋಗಿದೆ’ ಅಂತು, ಗಿರಾಕಿ ‘ಬಂದೇ ಇಲ್ಲ’ ಅಂದ್ರು

ಈ ತಿಂಗಳು ಬಂದ ಪ್ರಶ್ನೆಗಳನ್ನೆಲ್ಲ ಹರವಿಕೊಂಡು ಕೂತ್ರೆ ಹೆಚ್ಚಿನವು ಮೇಲ್ ಬಗ್ಗೆನೇ. ಮಳೆ ಹಿಂದಾಗಿ ಕರಾವಳಿಯ ಹೋಮ್‌ಸ್ಟೇಗಳಿಗೆ ಬುಕಿಂಗ್ ಶುರುವಾಗೋ ಹೊತ್ತು, ಕಾಲೇಜು ಹುಡುಗ್ರಿಗೆ ಪ್ರಾಜೆಕ್ಟ್ ಹೊತ್ತು, ಎಲ್ಲರ ಸಾಫ್ಟ್‌ವೇರೂ ಒಟ್ಟಿಗೇ ಮೇಲ್ ಕಳಿಸೋಕೆ ಹೊರಟಿದೆ ಅಂತ ಕಾಣತ್ತೆ. ಹಾಗಾಗಿ ಪ್ರಿಂಟರು, ವೈಫೈ ಪ್ರಶ್ನೆಗಳೆಲ್ಲ ಮುಂದಿನ ತಿಂಗಳಿಗೆ. ಹೆಸರು ಹಾಕಬೇಡಿ ಅಂತ ಇಬ್ಬರು ಬರೆದಿದ್ರು, ಹಂಗಾದ್ರೆ ಯಾರದ್ದೂ ಬೇಡ ಅಂತ ಊರು ಮಾತ್ರ ಇಟ್ಟಿದ್ದೇನೆ.

ಗೋಕರ್ಣ ಕಡೆಯಿಂದ

ಪ್ರಶ್ನೆ: ಸರ್, ನಮ್ಮದೊಂದು ಸಣ್ಣ ಹೋಮ್‌ಸ್ಟೇ, ನಾಲ್ಕೇ ರೂಮು. ಬುಕಿಂಗ್ ವೆಬ್‌ಸೈಟನ್ನ ಅಕ್ಕನ ಮಗ ಪಿಎಚ್‌ಪಿ ಅನ್ನೋ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಮಾಡಿಕೊಟ್ಟಿದ್ದ, ಈಗ ಅವ ಬೆಂಗಳೂರಲ್ಲಿದ್ದಾನೆ, ನಾನೇ ಅಷ್ಟಿಷ್ಟು ಕಲಿತು ನೋಡ್ಕೋತಾ ಇದ್ದೇನೆ. ಬುಕ್ ಮಾಡಿದವರಿಗೆ ದಾರಿ, ಫೋನ್ ನಂಬರು, ಕಟ್ಟಿದ ಅಡ್ವಾನ್ಸು ಎಲ್ಲ ಇರೋ ಮೇಲ್ ಹೋಗಬೇಕು. ಸ್ಕ್ರೀನಲ್ಲಿ ‘ಮೇಲ್ ಕಳಿಸಲಾಗಿದೆ’ ಅಂತ ಹಸಿರು ಅಕ್ಷರದಲ್ಲಿ ಬರತ್ತೆ. ಆದ್ರೆ ಹೋದ ವಾರ ಹುಬ್ಬಳ್ಳಿಯಿಂದ ಬಂದ ಒಂದು ಕುಟುಂಬ ರಾತ್ರಿ 10 ಗಂಟೆಗೆ ಬೇರೆ ಯಾವುದೋ ಬೀಚಿನ ಹತ್ರ ಮಕ್ಕಳನ್ನ ಕಟ್ಕೊಂಡು ನಿಂತಿತ್ತು, ಮೇಲೇ ಬಂದಿಲ್ಲ ಅಂತ. ಕೋಡಲ್ಲಿ ಎಲ್ಲೂ ಎರರ್ ಇಲ್ಲ. ಹಾಗಾದ್ರೆ ಆ ಮೇಲ್ ಹೋಗಿದ್ದೆಲ್ಲಿಗೆ?

ಉತ್ತರ: ನೀವು ಕಳಿಸಿದ ಫೈಲ್ ತೆರೆದು ನೋಡಿದೆ ಮಾರಾಯ್ರೇ. ಎರರ್ ಎಲ್ಲೂ ಇಲ್ಲ ಅಂದಿದ್ದು ನಿಜವೇ, ಯಾಕಂದ್ರೆ ಬಂದ ಎರರ್ ಕಾಣದ ಹಾಗೆ ನಿಮ್ಮ ಹುಡುಗ ಮೂರು ಬಾಗಿಲು ಹಾಕಿಟ್ಟಿದ್ದಾನೆ. ಮೇಲ್ ಫಂಕ್ಷನ್ ಹೆಸರಿನ ಮೊದಲು ಒಂದು ‘ಅಟ್’ ಚಿಹ್ನೆ ಇದೆ, ಪಿಎಚ್‌ಪಿಯಲ್ಲಿ ಅದರ ಅರ್ಥ ವಾರ್ನಿಂಗ್ ಬಂದ್ರೆ ಬಾಯಿ ಮುಚ್ಚಿಸು ಅಂತ. ಆ ಫಂಕ್ಷನ್ ಟ್ರೂ (ಆಯ್ತು) ಅಂತೋ ಫಾಲ್ಸ್ (ಆಗಲಿಲ್ಲ) ಅಂತೋ ಹೇಳೋದನ್ನ ಯಾರೂ ಕೇಳಿಸ್ಕೊಂಡಿಲ್ಲ, ಕೆಳಗಿನ ಸಾಲಲ್ಲೇ ಹಸಿರು ಅಕ್ಷರ ಪ್ರಿಂಟ್ ಆಗಿಬಿಡತ್ತೆ. ಕೊನೆಗೆ ಎರರ್ ಬಂದ್ರೆ ಹಿಡಿಯೋ ಕ್ಯಾಚ್ ಬ್ಲಾಕ್ ಒಂದು, ಒಳಗೆ ಖಾಲಿ, ‘ಆಮೇಲೆ ನೋಡೋಣ’ ಅಂತ ಒಂದು ಕಾಮೆಂಟು ಮಾತ್ರ. ಆಮೇಲೆ ಅವ ಬೆಂಗಳೂರಿಗೆ ಹೋದ.

ಹುಡುಗನ್ನ ಬೈಯಬೇಡಿ, ನಾವೆಲ್ಲ ಹೀಗೇ ಶುರು ಮಾಡಿದವರು. ತಮಾಷೆ ಅಂದ್ರೆ ಆ ಟ್ರೈ-ಕ್ಯಾಚ್ ಬರೀ ಅಲಂಕಾರಕ್ಕೆ, ಮೇಲ್ ಹೋಗಲಿಲ್ಲ ಅಂತ ಪಿಎಚ್‌ಪಿಯ ಮೇಲ್ ಫಂಕ್ಷನ್ ಎಕ್ಸೆಪ್ಷನ್ (ಕ್ಯಾಚ್ ಹಿಡಿಯೋ ಥರದ ಎರರ್) ಎಸೆಯೋದೇ ಇಲ್ಲ, ಸುಮ್ನೆ ಫಾಲ್ಸ್ ಕೊಡತ್ತೆ ಅಷ್ಟೇ. ಅದಕ್ಕಿಂತ ಮುಖ್ಯ ಅದು ಟ್ರೂ ಅಂದಾಗಲೂ ಮೇಲ್ ತಲುಪಿತು ಅಂತ ಅರ್ಥ ಅಲ್ಲ. ನಮ್ಮ ಕಡೆ ಒಳಗಿನ ಮನೆಗಳಿಗೆ ಕಾಗದ ಬರ್ತಿದ್ದ ಕ್ರಮ ನೆನಪು ಮಾಡ್ಕೊಳ್ಳಿ, ಪೋಸ್ಟಿನವರು ಬಸ್‌ಸ್ಟಾಪಿನ ಅಂಗಡಿಯಲ್ಲಿ ಕೊಟ್ಟು ಹೋಗೋರು, ಅಲ್ಲಿಂದ ಹಳ್ಳ ದಾಟಿ ಮನೆಗೆ ಬರೋದು ಯಾರಾದ್ರೂ ಆ ದಾರಿಯಲ್ಲಿ ಹೊರಟಾಗ. ಟ್ರೂ ಅಂದ್ರೆ ಅಂಗಡಿಯವ ಕಾಗದ ತಗೊಂಡ ಅಂತ. ಸಕ್ಕರೆ ಡಬ್ಬಿ ಹಿಂದೆ ಉಳೀತಾ, ಮನೆ ಮುಟ್ಟಿತಾ ಅನ್ನೋದು ಬೇರೆ ಕಥೆ, ಅದನ್ನ ಸಿದ್ದಾಪುರದವರ ಪ್ರಶ್ನೆಗೆ ಹೇಳ್ತೇನೆ.

ಈಗ ಮಾಡಬೇಕಾದ್ದು. ಮೇಲ್ ಫಂಕ್ಷನ್ ಬಿಟ್ಟು ಪಿಎಚ್‌ಪಿಮೇಲರ್ ಲೈಬ್ರರಿ ಹಾಕ್ಕೊಳ್ಳಿ, ಆಬ್ಜೆಕ್ಟ್ ಮಾಡೋವಾಗ ಬ್ರಾಕೆಟ್ಟಿನಲ್ಲಿ ಟ್ರೂ ಅಂತ ಕೊಡೋದು ಮರೀಬೇಡಿ, ಅದನ್ನ ಕೊಟ್ರೆ ಮಾತ್ರ ತಪ್ಪಾದಾಗ ಎಕ್ಸೆಪ್ಷನ್ ಎಸೆಯತ್ತೆ, ಇಲ್ದಿದ್ರೆ ಅದೂ ಫಾಲ್ಸ್ ಕೊಟ್ಟು ಸುಮ್ನಾಗತ್ತೆ. ಕ್ಯಾಚ್ ಒಳಗೆ ಬುಕಿಂಗ್ ನಂಬರು, ಹೊತ್ತು, ಸರ್ವರ್ ಹೇಳಿದ ಪೂರ್ತಿ ಮಾತು ಮೂರನ್ನೂ ಲಾಗಿಗೆ, ಅಂದ್ರೆ ಪ್ರೋಗ್ರಾಮಿನ ದಿನಚರಿ ಫೈಲಿಗೆ, ಬರೀರಿ. ಪೂರ್ತಿ ಮಾತು ಅಂತ ಒತ್ತಿ ಹೇಳ್ತಿದ್ದೇನೆ, ಎಷ್ಟೋ ಜನ ‘ಮೇಲ್ ಫೇಲ್’ ಅಂತ ತಮ್ಮದೇ ಎರಡು ಶಬ್ದ ಬರೆದು ಸರ್ವರ್ ಕೊಟ್ಟ ಕಾರಣ ಬಿಸಾಕಿಬಿಡ್ತಾರೆ, ಆಮೇಲೆ ನನಗೆ ಪ್ರಶ್ನೆ ಕಳಿಸ್ತಾರೆ. ಬುಕಿಂಗ್ ಟೇಬಲ್ಲಿಗೆ ಮೇಲ್ ಸ್ಥಿತಿ ಅಂತ ಒಂದು ಕಾಲಮ್ ಸೇರಿಸಿ, ಬಾಕಿ, ಕೊಟ್ಟಾಯ್ತು, ಸೋತಿತು ಅಂತ ಮೂರು ಗುರುತು ಸಾಕು. ಬೆಳಿಗ್ಗೆ ಚಾ ಕುಡೀತಾ ‘ಸೋತಿತು’ ಅಂತ ಇರೋದನ್ನ ನೋಡಿ ಫೋನ್ ಹಚ್ಚಿದ್ರೆ ಆಯ್ತು, ನಾಲ್ಕು ರೂಮಿನ ಜಾಗಕ್ಕೆ ಇದಕ್ಕಿಂತ ದೊಡ್ಡ ವ್ಯವಸ್ಥೆ ಯಾಕೆ?

ಇನ್ನೊಂದು. ಮೇಲ್ ಸೋತಿತು ಅಂತ ಬುಕಿಂಗನ್ನೇ ರದ್ದು ಮಾಡೋ ಕೋಡೂ ನೋಡಿದ್ದೇನೆ, ಅದು ಇನ್ನೂ ಕೆಟ್ಟದ್ದು, ದುಡ್ಡು ಕಟ್ಟಿದ ಗಿರಾಕಿಗೆ ಕೆಂಪು ಪುಟ ತೋರಿಸಿದ ಹಾಗೆ. ಬುಕಿಂಗ್ ಬೇರೆ, ಮೇಲ್ ಬೇರೆ. ಹಸಿರು ಅಕ್ಷರ ತೆಗೆದು ‘ಬುಕಿಂಗ್ ಆಗಿದೆ, ವಿವರ ಮೇಲ್‌ಗೆ ಕಳಿಸ್ತಾ ಇದ್ದೇವೆ, 10 ನಿಮಿಷದಲ್ಲಿ ಬರದಿದ್ರೆ ಈ ನಂಬರಿಗೆ ಫೋನ್ ಮಾಡಿ’ ಅಂತ ಹಾಕಿ, ದಾರಿಯನ್ನೂ ಆ ಪುಟದಲ್ಲೇ ಹಾಕಿಬಿಡಿ. ಸರ್ವರಿನ ಎರರ್ ಮಾತ್ರ ಗಿರಾಕಿಗೆ ತೋರಿಸಬೇಡಿ, ಅದರಲ್ಲಿ ನಿಮ್ಮ ಸರ್ವರ್ ಹೆಸರು ಯೂಸರ್ ಹೆಸರು ಎಲ್ಲ ಇರತ್ತೆ. ಪಿಎಚ್‌ಪಿಮೇಲರಿನ ಡೀಬಗ್ (ಸರ್ವರ್ ಜೊತೆಗಿನ ಮಾತೆಲ್ಲ ತೋರಿಸೋ ಸೆಟ್ಟಿಂಗ್) ಆನ್ ಮಾಡಿಟ್ಟು ಮರೆತ್ರೂ ಅದೇ ಕಥೆ.

ಶಿರಸಿಯಿಂದ

ಪ್ರಶ್ನೆ: ನಾನು ಒಂದು ಸಹಕಾರಿ ಸೊಸೈಟಿಯಲ್ಲಿ ಕಂಪ್ಯೂಟರ್ ಕೆಲಸ ನೋಡ್ತೇನೆ. ಸದಸ್ಯರ ಅಡಿಕೆ ವಿಕ್ರಿ ಆದ ದಿನ ಸಂಜೆ ರಾಶಿ ಬಗೆಯ ಅಡಿಕೆ ಎಷ್ಟು, ಚಾಲಿ ಬಗೆಯದ್ದು ಎಷ್ಟು, ಯಾವ ರೇಟಿಗೆ ಹೋಯ್ತು ಅಂತ ಪಟ್ಟಿ ಮೇಲ್ ಮಾಡೋ ಪೈಥಾನ್ ಸ್ಕ್ರಿಪ್ಟ್ ಬರೆದಿದ್ದೇನೆ. ಒಂದು ಫಾರ್ ಲೂಪು, ಸುಮಾರು 400 ಜನ. ನಡುವೆ ಒಬ್ಬರ ವಿಳಾಸ ತಪ್ಪಿದ್ರೆ ಸ್ಕ್ರಿಪ್ಟ್ ಅಲ್ಲಿಗೇ ನಿಲ್ಲತ್ತೆ. ಮತ್ತೆ ಓಡಿಸಿದ್ರೆ ಮೊದಲಿನವರಿಗೆ ಎರಡನೇ ಸಲ ಹೋಗತ್ತೆ. ಹಿರಿಯ ಸದಸ್ಯರೊಬ್ಬರು ಪಟ್ಟಿ ಎರಡು ಬಂದಿದೆ, ದುಡ್ಡೂ ಎರಡು ಸಲ ಬರತ್ತಾ ತಮಾ ಅಂತ ಕೇಳಿದ್ರು. ಎಂತ ಮಾಡೋದು?

ಉತ್ತರ: ಹಿರಿಯರು ಕೇಳಿದ್ದು ಸರಿಯಾದ ಪ್ರಶ್ನೆ. ನಿಮ್ಮ ಸ್ಕ್ರಿಪ್ಟಿಗೆ ನೆನಪು ಅನ್ನೋದೇ ಇಲ್ಲ, ಯಾರಿಗೆ ಹೋಯ್ತು ಯಾರಿಗೆ ಇಲ್ಲ ಅನ್ನೋದು ಲೂಪಿನ ತಲೆಯಲ್ಲಿ ಮಾತ್ರ ಇರತ್ತೆ, ಲೂಪ್ ಸತ್ರೆ ಅದೂ ಸತ್ತಿತು. ಮೊದಲು ಒಂದು ಟೇಬಲ್ ಮಾಡಿ. ಪಟ್ಟಿ ತಯಾರಾದ ತಕ್ಷಣ ಕಳಿಸೋಕೆ ಹೋಗಬೇಡಿ, ಸದಸ್ಯರ ನಂಬರು, ಪಟ್ಟಿ ನಂಬರು, ವಿಳಾಸ, ಸ್ಥಿತಿ, ಎಷ್ಟು ಸಲ ಪ್ರಯತ್ನ ಆಯ್ತು, ಮುಂದಿನ ಪ್ರಯತ್ನ ಯಾವಾಗ, ಕೊನೆಯ ಎರರ್ ಏನು ಅಂತ ಒಬ್ಬೊಬ್ಬರಿಗೆ ಒಂದೊಂದು ಸಾಲು ಬರೀರಿ. ಸದಸ್ಯರ ನಂಬರು ಮತ್ತು ಪಟ್ಟಿ ನಂಬರು ಸೇರಿಸಿ ಯುನೀಕ್ ಕೀ (ಎರಡನೇ ಸಲ ಬರೆಯೋಕೆ ಬಿಡದ ಗುರುತು) ಮಾಡಿಬಿಟ್ರೆ ಸ್ಕ್ರಿಪ್ಟನ್ನ ಹತ್ತು ಸಲ ಓಡಿಸಿದ್ರೂ ಒಂದೇ ಪಟ್ಟಿಗೆ ಎರಡನೇ ಸಾಲು ಹುಟ್ಟೋದಿಲ್ಲ. ಕಳಿಸೋ ಕೆಲಸ ಬೇರೆ ಪ್ರೋಗ್ರಾಮಿಗೆ, ಅದು ನಿಮಿಷಕ್ಕೊಮ್ಮೆ ಎದ್ದು ಬಾಕಿ ಇರೋ ಸಾಲು ಎತ್ತಿಕೊಂಡು ಕಳಿಸಿ ಸ್ಥಿತಿ ಬರೆದು ಮಲಗತ್ತೆ. ಇದಕ್ಕೆ ಔಟ್‌ಬಾಕ್ಸ್ ಅಂತಾರೆ, ಹೆಸರು ಏನಾದ್ರೂ ಇರಲಿ.

ಇನ್ನು ಎರರ್ ಬಂದಾಗ ಎಂತ ಮಾಡೋದು. ಮೇಲ್ ಕಳಿಸೋದು ಅಂದ್ರೆ ಎರಡು ಸರ್ವರುಗಳ ಮಾತುಕತೆ. 1982ರಲ್ಲಿ ಜಾನ್ ಪೋಸ್ಟೆಲ್ ಬರೆದಿಟ್ಟ ಎಸ್‌ಎಂಟಿಪಿ ಅನ್ನೋ ಮೇಲ್ ಸಾಗಿಸೋ ಕ್ರಮವೇ ಇವತ್ತಿಗೂ ನಡೀತಾ ಇದೆ, 2008ರಲ್ಲಿ ತಿದ್ದಿ ಬರೆದಿದ್ದು ಆರ್‌ಎಫ್‌ಸಿ 5321 (ಇಂಟರ್ನೆಟ್ಟಿನ ನಿಯಮ ಬರೆದಿಡೋ ಕಡತಗಳಿಗೆ ಆರ್‌ಎಫ್‌ಸಿ ಅಂತಾರೆ). ನಿಮ್ಮ ಪ್ರೋಗ್ರಾಮ್ ನಮಸ್ಕಾರ ಹೇಳತ್ತೆ, ಇಂಥವರಿಂದ ಬಂದ ಮೇಲ್ ಅನ್ನತ್ತೆ, ಇಂಥವರಿಗೆ ಅನ್ನತ್ತೆ, ಆಮೇಲೆ ಮೇಲಿನ ಒಳಗಿನದ್ದೆಲ್ಲ ಹೇಳಿ ಒಂದು ಸಾಲಲ್ಲಿ ಬರೀ ಚುಕ್ಕಿ ಇಟ್ಟು ಮುಗೀತು ಅನ್ನತ್ತೆ. ಪ್ರತಿ ಮಾತಿಗೂ ಆ ಕಡೆಯಿಂದ ಮೂರಂಕಿಯ ಉತ್ತರ. ಮೊದಲನೇ ಅಂಕಿ 2 ಆದ್ರೆ ಸರಿ, 4 ಆದ್ರೆ ಈಗ ಆಗಲ್ಲ ಆಮೇಲೆ ಬಾ, 5 ಆದ್ರೆ ಆಗೋದೇ ಇಲ್ಲ, ಮತ್ತೆ ಬರಬೇಡ. ಅಡಿಕೆ ಮಂಡಿಗೆ ಹೋದ ಹಾಗೇ, ಇವತ್ತು ತೂಕದವ ರಜೆ ನಾಳೆ ಬನ್ನಿ ಅನ್ನೋದು ಬೇರೆ, ಈ ಹೆಸರಿನ ಖಾತೆಯೇ ಇಲ್ಲ ಅನ್ನೋದು ಬೇರೆ. ಎರಡಕ್ಕೂ ಒಂದೇ ಥರ ನಡ್ಕೊಂಡ್ರೆ ಒಂದೋ ನಾಳೆ ಸಿಗೋದು ತಪ್ಪತ್ತೆ, ಇಲ್ಲ ಇಲ್ಲದ ಖಾತೆಗೆ ದಿನಾ ಅಲೆದಾಡ್ತೀರಿ.

550 ಬಂತು, ಜೊತೆಗೆ 5.1.1 ಅಂತ ಇದೆ ಅಂದ್ರೆ ಆ ವಿಳಾಸವೇ ಇಲ್ಲ. ಸಾಲಿಗೆ ‘ವಿಳಾಸ ತಪ್ಪು’ ಅಂತ ಗುರುತು ಹಾಕಿ, ಕೌಂಟರಿನವರಿಗೆ ತಿಳಿಸಿ, ಮುಂದಿನ ಸಲ ಅವರು ಬಂದಾಗ ಕೇಳಿ ತಿದ್ದಲಿ. ನಮ್ಮಲ್ಲಿ ಹೆಚ್ಚಿನದೆಲ್ಲ ಫಾರ್ಮಿನಲ್ಲಿ ಕೈಯಲ್ಲಿ ಬರೆದಿದ್ದನ್ನ ಟೈಪ್ ಮಾಡೋವಾಗ ಆದ ತಪ್ಪು, ಡಾಟ್ ಕಾಮ್ ಹೋಗಿ ಡಾಟ್ ಕಾನ್ ಆಗಿರತ್ತೆ. 450, 451 ಬಂದ್ರೆ ಕಾಯೋದು. ಕೆಲವು ಸರ್ವರುಗಳು ಗುರುತಿಲ್ಲದವರಿಗೆ ಮೊದಲ ಸಲ ಬೇಕಂತಲೇ ಆಮೇಲೆ ಬಾ ಅಂತಾವೆ, ಗ್ರೇಲಿಸ್ಟಿಂಗ್ ಅಂತ ಅದಕ್ಕೆ, 2003ರಿಂದ ಇರೋ ಉಪಾಯ. ಸ್ಪ್ಯಾಮ್ ಕಳಿಸೋರು ಮತ್ತೆ ಬರಲ್ಲ, ಸಭ್ಯರು ಬರ್ತಾರೆ ಅನ್ನೋ ಲೆಕ್ಕ. ನಿಮ್ಮ ಸ್ಕ್ರಿಪ್ಟು ಒಂದೇ ಸಲಕ್ಕೆ ಕೈಬಿಟ್ರೆ ಸ್ಪ್ಯಾಮಿನವರ ಸಾಲಿಗೇ ಸೇರ್ತು. ಮೇಲ್ ಡಬ್ಬಿ ತುಂಬಿದೆ ಅನ್ನೋದು ಮಾತ್ರ 452 ಅಂತಲೂ ಬರಬಹುದು 552 ಅಂತಲೂ ಬರಬಹುದು, ಜಿಮೇಲಿನ ಪುಕ್ಕಟೆ 15 ಜಿಬಿಯಲ್ಲಿ ಫೋಟೋಗಳೂ ಸೇರೋದ್ರಿಂದ ಮೊಮ್ಮಕ್ಕಳ ವಿಡಿಯೋ ತುಂಬಿ ಅಜ್ಜನ ಅಡಿಕೆ ಪಟ್ಟಿಗೆ ಜಾಗ ಇಲ್ಲದ ಹಾಗೆ ಆಗತ್ತೆ. ಅಂಥವರಿಗೆ ಒಂದು ಫೋನೇ ಒಳ್ಳೇದು.

ಅಂಕಿ ಜೊತೆಗೆ ಇನ್ನೊಂದು ನೋಡಬೇಕು, ತಪ್ಪು ಎಷ್ಟು ದೂರದ್ದು ಅಂತ. ಒಬ್ಬರ ವಿಳಾಸದ್ದಾದ್ರೆ ಆ ಸಾಲು ಬದಿಗಿಟ್ಟು ಮುಂದೆ ಹೋಗೋದು. 421 ಅಂದ್ರೆ ಆ ಸರ್ವರೇ ಸುಸ್ತಾಗಿದೆ, ಆಗ ಮುಂದಿನ ಸದಸ್ಯರಿಗೆ ಪ್ರಯತ್ನ ಮಾಡಿದ್ರೂ ಅಷ್ಟೇ, ಎಲ್ಲ ನಿಲ್ಲಿಸಿ ಕಾಯಬೇಕು. 535 ಅಂದ್ರೆ ನಿಮ್ಮ ಪಾಸ್‌ವರ್ಡೇ ತಪ್ಪು, ಕೂಡಲೇ ಎಲ್ಲ ನಿಲ್ಲಿಸಿ ಮನುಷ್ಯರನ್ನ ಕರೀಬೇಕು, ಅಷ್ಟೂ 400 ಜನರ ಮೇಲೂ ಅದೇ ತಪ್ಪು ಪಾಸ್‌ವರ್ಡ್ ಹೊಡೀತಾ ಹೋದ್ರೆ ಖಾತೆಯೇ ಲಾಕ್ ಆಗಬಹುದು. ಪೈಥಾನಿನ ಮೇಲ್ ಲೈಬ್ರರಿ ಎಸ್‌ಎಂಟಿಪಿಲಿಬ್‌ನಲ್ಲಿ ಇವಕ್ಕೆಲ್ಲ ಬೇರೆ ಬೇರೆ ಎಕ್ಸೆಪ್ಷನ್ ಇದೆ, ರೆಸಿಪಿಯಂಟ್ಸ್ ರೆಫ್ಯೂಸ್ಡ್, ಡೇಟಾ ಎರರ್, ಸರ್ವರ್ ಡಿಸ್‌ಕನೆಕ್ಟೆಡ್, ಆಥೆಂಟಿಕೇಶನ್ ಎರರ್ ಅಂತ. ನೀವು ಎಲ್ಲವನ್ನೂ ಒಂದೇ ಎಕ್ಸೆಪ್ಟಿನ (ಪೈಥಾನಲ್ಲಿ ಕ್ಯಾಚಿಗೆ ಇರೋ ಹೆಸರು) ಚೀಲಕ್ಕೆ ತುಂಬಿದ್ದೀರಿ.

ಒಂದು ಹೊಂಡ ಇದೆ ಜೋಪಾನ. ಲೂಪ್ ಯಾಕೆ, ಎಲ್ಲರನ್ನೂ ಒಂದೇ ಮೇಲಿಗೆ ಸೇರಿಸಿದ್ರಾಯ್ತು ಅಂತ ಹೊರಡಬೇಡಿ. ಒಂದೇದು, ಒಬ್ಬರ ವಿಳಾಸ ಇನ್ನೊಬ್ಬರಿಗೆ ಕಾಣತ್ತೆ, ಪಟ್ಟಿಯೂ ಕಂಡ್ರೆ ಊರಲ್ಲಿ ಜಗಳ. ಇನ್ನೊಂದು, ಎಸ್‌ಎಂಟಿಪಿಲಿಬ್ ಎಲ್ಲಾ ವಿಳಾಸಗಳೂ ತಿರಸ್ಕಾರ ಆದ್ರೆ ಮಾತ್ರ ಎಕ್ಸೆಪ್ಷನ್ ಎಸೆಯತ್ತೆ, ಒಬ್ಬರಿಗಾದ್ರೂ ಹೋದ್ರೆ ಸುಮ್ನೆ ಸೋತವರ ಪಟ್ಟಿಯೊಂದನ್ನ ವಾಪಸ್ ಕೊಟ್ಟು ಕೂರತ್ತೆ. ಆ ವಾಪಸ್ ಬಂದಿದ್ದನ್ನ ನೋಡೋರು ಎಷ್ಟು ಜನ ಇದ್ದಾರೆ ಹೇಳಿ. ಹಾಗೇ ಪೈಥಾನಲ್ಲಿ ವೆಬ್‌ಸೈಟ್ ಕಟ್ಟೋ ಜ್ಯಾಂಗೋದಲ್ಲಿ ಫೇಲ್ ಸೈಲೆಂಟ್ಲಿ (ಸೋತ್ರೂ ಸುಮ್ನಿರು) ಅಂತ ಒಂದು ಇದೆ, ಅದಕ್ಕೆ ಟ್ರೂ ಅಂತ ಕೊಟ್ಟವರು ಗೋಕರ್ಣದ ಹುಡುಗನ ಅಣ್ಣತಮ್ಮಂದಿರು.

ಮತ್ತೆ ಮತ್ತೆ ಪ್ರಯತ್ನ ಮಾಡೋಕೂ ಒಂದು ಲೆಕ್ಕ ಬೇಕು. ಮೇಲ್ ಸರ್ವರುಗಳಿಗೆ ಆರ್‌ಎಫ್‌ಸಿ ಹೇಳೋದು ಕನಿಷ್ಠ 30 ನಿಮಿಷ ಬಿಟ್ಟು ಮತ್ತೆ ನೋಡು, 4-5 ದಿನದವರೆಗಾದ್ರೂ ಕೈಬಿಡಬೇಡ ಅಂತ. ನಿಮ್ಮ ಪಟ್ಟಿಗೆ ಅಷ್ಟು ದಿನ ಬೇಡ, 5 ನಿಮಿಷ, ಅರ್ಧ ಗಂಟೆ, 2 ಗಂಟೆ, 6 ಗಂಟೆ, ಮಾರನೇ ದಿನ ಒಂದು ಸಲ, ಆಮೇಲೆ ‘ಸೋತಿತು’. ಎಲ್ಲ ಸಾಲುಗಳೂ ಒಂದೇ ಕ್ಷಣಕ್ಕೆ ಏಳದ ಹಾಗೆ ಸ್ವಲ್ಪ ಹಿಂದೆ ಮುಂದೆ ಮಾಡಿ. ನೀವು ಸಾದಾ ಜಿಮೇಲ್ ಖಾತೆಯಿಂದ ಕಳಿಸ್ತಿದ್ರೆ ದಿನಕ್ಕೆ 500ರ ಮಿತಿ ಇದೆ, 400 ಜನರಿಗೆ ಕಳಿಸಿ ಮತ್ತೆ ಓಡಿಸಿದ ದಿನ ಅದನ್ನೂ ದಾಟಿರ್ತೀರಿ.

ಇಷ್ಟೆಲ್ಲ ಮಾಡಿದ್ರೂ ಅಪರೂಪಕ್ಕೆ ಎರಡು ಸಲ ಹೋಗೋ ಜಾಗ ಒಂದು ಉಳೀತದೆ. ಪ್ರೋಗ್ರಾಮ್ ಕೊನೇ ಚುಕ್ಕಿ ಇಟ್ಟಿದೆ, ಆ ಕಡೆಯವ ಮೇಲ್ ತಗೊಂಡೂ ಆಗಿದೆ, 250 ಅಂತ ಹೇಳೋ ಅಷ್ಟರಲ್ಲಿ ಕನೆಕ್ಷನ್ ಕಟ್. ನಿಮಗೆ ಹೋಗಲಿಲ್ಲ ಅಂತ ಕಾಣತ್ತೆ, ಅವರಿಗೆ ಬಂದಿರತ್ತೆ. 1988ರಲ್ಲೇ ಇದೊಂದರ ಬಗ್ಗೆನೇ ಆರ್‌ಎಫ್‌ಸಿ 1047 ಬರೆದಿದ್ದಾರೆ ಅಂದ್ರೆ ಎಷ್ಟು ಹಳೇ ಕಾಯಿಲೆ ನೋಡಿ. ನಾನು ಇದನ್ನ ಓದಿ ಕಲಿತಿದ್ದಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಬಿಲ್ ಕಳಿಸೋ ಪ್ರೋಗ್ರಾಮ್ ಬರೆದು ಟೈಮ್‌ಔಟನ್ನ, ಅಂದ್ರೆ ಉತ್ತರಕ್ಕೆ ಕಾಯೋ ಹೊತ್ತನ್ನ, 5 ಸೆಕೆಂಡ್ ಇಟ್ಟಿದ್ದೆ, ಸೋತ್ರೆ ಕೂಡಲೇ ಮತ್ತೆ ಕಳಿಸು, ಎಷ್ಟು ಸಲ ಅಂತ ಮಿತಿ ಇಲ್ಲ. ಒಬ್ಬ ಗಿರಾಕಿಯ ಸರ್ವರು ಮೇಲ್ ತಗೊಂಡು ವೈರಸ್ ನೋಡಿ ಉತ್ತರ ಕೊಡೋಕೆ 8 ಸೆಕೆಂಡ್ ತಗೊಳ್ತಿತ್ತು. ಶನಿವಾರ ಸಂಜೆ ನಾನು ಮನೆಗೆ ಅಂತ ಬಸ್ಸಲ್ಲಿ ದೇವಿಮನೆ ಘಟ್ಟ ಹತ್ತುತಾ ಇದ್ದೆ, ನೆಟ್‌ವರ್ಕ್ ಇಲ್ಲ, ಮೇಲೆ ಬಂದು ಸಿಗ್ನಲ್ ಸಿಕ್ಕಿದ ಕೂಡಲೇ ಒಂದರ ಹಿಂದೆ ಒಂದು 23 ಮಿಸ್ಡ್ ಕಾಲು. ಆ ಪುಣ್ಯಾತ್ಮನಿಗೆ ಒಂದೇ ಬಿಲ್ಲು ಆರುನೂರು ಚಿಲ್ಲರೆ ಸಲ ಹೋಗಿತ್ತು. ಅವತ್ತಿಂದ ಚುಕ್ಕಿ ಇಟ್ಟ ಮೇಲಿನ ಟೈಮ್‌ಔಟ್ ಉದ್ದ ಇಡ್ತೇನೆ, ಆರ್‌ಎಫ್‌ಸಿ 10 ನಿಮಿಷ ಅಂತ ಹೇಳೋದು ಸುಮ್ನೆ ಅಲ್ಲ, ಮತ್ತೆ ಅಂಥ ಸೋಲಿಗೆ ‘ಗೊತ್ತಿಲ್ಲ’ ಅಂತ ಬೇರೆಯೇ ಸ್ಥಿತಿ ಬರೀತೇನೆ. ನಿಮ್ಮ ಪಟ್ಟಿಯ ಮೇಲ್ಗಡೆ ಪಟ್ಟಿ ನಂಬರನ್ನ ದೊಡ್ಡದಾಗಿ ಹಾಕಿ, ಎರಡು ಬಂದ್ರೂ ಒಂದೇ ಅಂತ ಹಿರಿಯರಿಗೆ ತಿಳೀತದೆ.

ಕಾರವಾರದಿಂದ

ಪ್ರಶ್ನೆ: ಕಾಲೇಜ್ ಪ್ರಾಜೆಕ್ಟಿಗೆ ಜಿಮೇಲಿಂದ ಒಟಿಪಿ ಕಳಿಸಬೇಕು ಅಣ್ಣ. ಪಾಸ್‌ವರ್ಡ್ ನೂರಕ್ಕೆ ನೂರು ಸರಿ ಇದೆ, ಅದೇ ಪಾಸ್‌ವರ್ಡಲ್ಲಿ ಮೊಬೈಲಲ್ಲಿ ಲಾಗಿನ್ ಆಗತ್ತೆ, ಆದ್ರೂ 535 ಬರತ್ತೆ. ನಾಳೆ ಬಿಟ್ಟು ನಾಡಿದ್ದು ಡೆಮೋ.

ಉತ್ತರ: ತಂಗಿ, ಈ ಪುಟ ಪ್ರಿಂಟಾಗೋ ಹೊತ್ತಿಗೆ ನಿನ್ನ ಡೆಮೋ ಮುಗಿದಿರತ್ತೆ ಅಂತ ಅವತ್ತೇ ಬೇರೆ ಉತ್ತರ ಕಳಿಸಿದ್ದೆ, ಉಳಿದವರಿಗೆ ಇಲ್ಲಿ. ಖಾತೆಯ ಮಾಮೂಲಿ ಪಾಸ್‌ವರ್ಡ್ ಹಾಕಿ ಬೇರೆ ಪ್ರೋಗ್ರಾಮಿಂದ ಲಾಗಿನ್ ಆಗೋದನ್ನ ಗೂಗಲ್ 2022ರ ಮೇ 30ರಿಂದ ನಿಲ್ಲಿಸಿದೆ. ಟೂ ಸ್ಟೆಪ್ ವೆರಿಫಿಕೇಶನ್ ಆನ್ ಮಾಡಿ, ಆಮೇಲೆ ಆಪ್ ಪಾಸ್‌ವರ್ಡ್ ಅಂತ 16 ಅಕ್ಷರದ್ದು ತಗೊಂಡು ಅದನ್ನ ಹಾಕು. ಹಳೇ ಪಾಠಗಳಲ್ಲಿ ‘ಲೆಸ್ ಸೆಕ್ಯೂರ್ ಆಪ್ಸ್ ಆನ್ ಮಾಡಿ’ ಅಂತ ಇನ್ನೂ ಹೇಳ್ತಾ ಇರ್ತಾರೆ, ಆ ಬಟನ್ನೇ ಈಗ ಇಲ್ಲ, ಹುಡುಕಿ ಸಮಯ ಕಳೀಬೇಡ. ಪಾಸ್‌ವರ್ಡನ್ನ ಕೋಡ್ ಒಳಗೆ ಬರೆದು ಎಲ್ಲರೂ ನೋಡೋ ಹಾಗೆ ಗಿಟ್‌ಹಬ್‌ಗೆ ಹಾಕಿಬಿಡಬೇಡ ಮತ್ತೆ.

ಅಂಕೋಲಾದಿಂದ

ಪ್ರಶ್ನೆ: ನಮ್ಮ ಆ್ಯಪಲ್ಲಿ ಹೆಸರು ನೋಂದಾಯಿಸೋ ಬಟನ್ ಒತ್ತಿದ್ರೆ ಎರಡು ನಿಮಿಷ ತಿರುಗ್ತಾ ಇರತ್ತೆ, ಆಮೇಲೆ ಎರರ್. ನನ್ನ ಲ್ಯಾಪ್‌ಟಾಪಲ್ಲಿ ಸರಿ ಇತ್ತು, ಕ್ಲೌಡ್ ಸರ್ವರಿಗೆ ಹಾಕಿದ ಮೇಲೆ ಹೀಗೆ. ಮೇಲ್ ಕಳಿಸೋಕೆ ನೋಡ್‌ಮೇಲರ್ ಲೈಬ್ರರಿ ಬಳಸ್ತೇನೆ, ಪೋರ್ಟ್ 25.

ಉತ್ತರ: ಪೋರ್ಟ್ 25 ಅಂತ ನೀವೇ ಕೊನೆಗೆ ಬರೆದ್ರಲ್ಲ, ಅದೇ. ಪೋರ್ಟ್ ಅಂದ್ರೆ ಸರ್ವರಿನ ನಂಬರ್ ಹಾಕಿದ ಬಾಗಿಲು ಅನ್ನಿ. ದೊಡ್ಡ ಕ್ಲೌಡ್ ಕಂಪನಿಗಳಲ್ಲಿ ಹೆಚ್ಚಿನವು ಸ್ಪ್ಯಾಮ್ ಹೆದರಿಕೆಗೆ 25ನೇ ಪೋರ್ಟಿಂದ ಹೊರಗೆ ಹೋಗೋದನ್ನ ಮೊದಲೇ ಮುಚ್ಚಿರ್ತಾವೆ. ಮುಚ್ಚೋದು ಅಂದ್ರೆ ಇಲ್ಲ ಅಂತ ಹೇಳೋದೂ ಇಲ್ಲ, ಬಾಗಿಲು ಬಡಿದ್ರೆ ಒಳಗಿಂದ ಸದ್ದೇ ಬರಲ್ಲ, ನಿಮ್ಮ ಪ್ರೋಗ್ರಾಮ್ ಜಗಲಿಯಲ್ಲಿ ಕಾಯ್ತಾ ಕೂರತ್ತೆ. ನೋಡ್‌ಮೇಲರ್ ಕನೆಕ್ಷನ್ನಿಗೆ ಕಾಯೋ ಹೊತ್ತು ನೀವು ಬೇರೆ ಹೇಳದಿದ್ರೆ ಎರಡು ನಿಮಿಷ, ಲೆಕ್ಕ ತಾಳೆ ಆಯ್ತಲ್ಲ. ಜ್ಯಾಂಗೋ ಅಂತೂ ಟೈಮ್‌ಔಟ್ ನೀವು ಕೊಡದಿದ್ರೆ ತಾನಾಗಿ ಯಾವ ಮಿತಿಯನ್ನೂ ಇಡಲ್ಲ. 587 ಅಥವಾ 465 ಬಳಸಿ, ಕನೆಕ್ಷನ್ನಿಗೆ 10 ಸೆಕೆಂಡ್ ಸಾಕು. ಶಿರಸಿಯವರಿಗೆ ಉದ್ದ ಇಡಿ ಅಂದಿದ್ದು ಚುಕ್ಕಿ ಇಟ್ಟ ಮೇಲಿನ ಉತ್ತರಕ್ಕೆ, ಇದು ಬಾಗಿಲು ತೆರೆಯೋದಕ್ಕೆ, ಎರಡೂ ಬೇರೆ. ಪೋರ್ಟ್ ಸರಿ ಆದ ಮೇಲೂ ಬಟನ್ ಒತ್ತಿದವರನ್ನ ಮೇಲ್ ಹೋಗೋ ತನಕ ನಿಲ್ಲಿಸ್ಕೋಬೇಡಿ, ಶಿರಸಿಯವರಿಗೆ ಹೇಳಿದ ಔಟ್‌ಬಾಕ್ಸಿಗೆ ಸಾಲು ಬರೆದು ಪುಟ ತೋರಿಸಿ ಕಳಿಸಿಬಿಡಿ, ಮೇಲನ್ನ ಹಿನ್ನೆಲೆಯಲ್ಲಿ ಓಡೋ ಪ್ರೋಗ್ರಾಮ್ ನೋಡ್ಕೊಳ್ಳತ್ತೆ.

ಸಿದ್ದಾಪುರದಿಂದ

ಪ್ರಶ್ನೆ: ನಾವು ಜೇನುತುಪ್ಪ, ಕಾಳುಮೆಣಸು, ಮುರುಗಲು ಸಿಪ್ಪೆ ಆನ್‌ಲೈನ್ ಮಾರ್ತೇವೆ. ಲಾಗಲ್ಲಿ ಎಲ್ಲದಕ್ಕೂ 250 ಅಂತಲೇ ಇದೆ, ಆದ್ರೂ ಹತ್ತರಲ್ಲಿ ಒಬ್ಬರು ಆರ್ಡರ್ ಮೇಲ್ ಬಂದಿಲ್ಲ ಅಂತಾರೆ. ಕಳಿಸೋ ವಿಳಾಸ ನೋ-ರಿಪ್ಲೈ.

ಉತ್ತರ: ಆ ನೋ-ರಿಪ್ಲೈ ಡಬ್ಬಿ ನಿಜಕ್ಕೂ ಇದ್ಯಾ? ಇದ್ರೆ ಯಾರಾದ್ರೂ ತೆರೆದಿದ್ದೀರಾ? ಈ ಎರಡು ಪ್ರಶ್ನೆಯನ್ನ ನಾನು ಅವರಿಗೆ ವಾಪಸ್ ಕೇಳಿದ್ದೆ, ಮೂರು ದಿನ ಬಿಟ್ಟು ಉತ್ತರ ಬಂತು, ಡಬ್ಬಿ ಇತ್ತು, ಒಳಗೆ ಒಂದು ವರ್ಷದಿಂದ ಬಂದ ‘ಮೇಲರ್ ಡೀಮನ್’ ಕಾಗದಗಳು ರಾಶಿ ಬಿದ್ದಿದ್ವು.

ಬಸ್‌ಸ್ಟಾಪಿನ ಅಂಗಡಿ ಮಾತು ಇಲ್ಲಿಗೆ ಬಂತು. ನಿಮ್ಮ ಪ್ರೋಗ್ರಾಮಿಗೆ 250 ಅಂದಿದ್ದು ಮೊದಲನೇ ಅಂಗಡಿ, ಅಂದ್ರೆ ನಿಮ್ಮ ಹೋಸ್ಟಿಂಗಿನವರ ಸರ್ವರ್. ಅದು ಮುಂದೆ ಗಿರಾಕಿಯ ಸರ್ವರಿಗೆ ಕೊಡೋಕೆ ಹೋದಾಗ ಅಲ್ಲಿ 550 ಸಿಕ್ತು. ಅಷ್ಟರಲ್ಲಿ ನಿಮ್ಮ ಪ್ರೋಗ್ರಾಮ್ ಲೈನ್ ಕಟ್ ಮಾಡಿ ಮಲಗಿರತ್ತೆ, ಹೇಳೋಕೆ ಯಾರೂ ಇಲ್ಲ, ಹಾಗಾಗಿ ಅದು ಕಾಗದ ಬರೆದು ಹಾಕತ್ತೆ. ಅದೇ ಬೌನ್ಸ್. ಅದು ಹೋಗೋದು ಗಿರಾಕಿಗೆ ಕಾಣೋ ‘ಫ್ರಮ್’ ವಿಳಾಸಕ್ಕಲ್ಲ, ಮಾತುಕತೆಯ ಶುರುವಲ್ಲಿ ‘ಇಂಥವರಿಂದ’ ಅಂತ ಹೇಳಿದ ವಿಳಾಸಕ್ಕೆ, ಕವರಿನ ಹಿಂಬದಿಯ ವಿಳಾಸ ಅನ್ನಿ. ಅದನ್ನ ಬೇರೆಯೇ ಇಟ್ಕೊಳ್ಳಬಹುದು, ಇಟ್ಕೊಳ್ಳಬೇಕು. ಅದರೊಳಗೆ ಆರ್ಡರ್ ನಂಬರನ್ನೂ ಸೇರಿಸಿದ್ರೆ, ಬೌನ್ಸ್ ಪ್ಲಸ್ 4821 ಅಂತ ಒಂದೊಂದು ಮೇಲಿಗೆ ಒಂದೊಂದು ವಿಳಾಸ, ವಾಪಸ್ ಬಂದ ಕಾಗದದ ಒಳಗೆ ಏನು ಬರೆದಿದ್ರೂ ಇದು ಯಾವ ಆರ್ಡರಿನದ್ದು ಅಂತ ಕವರ್ ನೋಡಿಯೇ ಗೊತ್ತಾಗತ್ತೆ.

ಒಳಗೂ ಓದೋಕೆ ಕ್ರಮ ಇದೆ. ಸರಿಯಾದ ಬೌನ್ಸಲ್ಲಿ ಮನುಷ್ಯರಿಗೆ ಒಂದು ಭಾಗ, ಯಂತ್ರಕ್ಕೆ ಒಂದು ಭಾಗ ಇರತ್ತೆ. ಯಂತ್ರದ ಭಾಗದಲ್ಲಿ ಯಾರಿಗೆ ಕಳಿಸಿದ್ದು, ಕ್ರಿಯೆ ‘ಫೇಲ್ಡ್’ ಅಥವಾ ‘ಡಿಲೇಡ್’, ಸ್ಥಿತಿ 5.1.1 ಅಂತ ಸಾಲು ಸಾಲಾಗಿ ಬರೆದಿರತ್ತೆ. ಡಿಲೇಡ್ ಅಂದ್ರೆ ಇನ್ನೂ ಪ್ರಯತ್ನ ನಡೀತಾ ಇದೆ ಅಂತ, ಅದನ್ನ ಸೋಲು ಅಂತ ಬರ್ಕೊಂಡು ಗಿರಾಕಿ ವಿಳಾಸ ಅಳಿಸಿಬಿಡಬೇಡಿ. ಬೌನ್ಸಿಗೆ ಕಳಿಸಿದವರ ಜಾಗ ಬೇಕಂತಲೇ ಖಾಲಿ ಇರತ್ತೆ, ಯಾಕಂದ್ರೆ ಬೌನ್ಸಿಗೆ ಬೌನ್ಸ್ ಹುಟ್ಟಿ ಎರಡು ಸರ್ವರ್ ರಾತ್ರಿಯೆಲ್ಲ ಕಾಗದ ಬರ್ಕೊಳ್ಳಬಾರದಲ್ಲ. ಆ ಡಬ್ಬಿಗೆ ‘ನಿಮ್ಮ ಮೇಲ್ ತಲುಪಿದೆ, ಧನ್ಯವಾದ’ ಅಂತ ಆಟೋ ರಿಪ್ಲೈ ಏನಾದ್ರೂ ಇಟ್ಟಿದ್ರೆ ಮೊದಲು ತೆಗೀರಿ.

ಅಮೆಜಾನ್ ಎಸ್‌ಇಎಸ್ ಥರದ, ನಿಮ್ಮ ಪರವಾಗಿ ಮೇಲ್ ಕಳಿಸಿಕೊಡೋ ಸೇವೆ ತಗೊಂಡ್ರೆ ಇಷ್ಟೆಲ್ಲ ಓದೋ ಕಷ್ಟ ಇಲ್ಲ, ಬೌನ್ಸ್ ಆದ ಕೂಡಲೇ ನಿಮ್ಮ ಪ್ರೋಗ್ರಾಮಿಗೇ ಸುದ್ದಿ ಮುಟ್ಟಿಸ್ತಾರೆ. ಆದ್ರೆ ಸುದ್ದಿ ಕೇಳಿ ಸುಮ್ನೆ ಕೂತ್ರೆ ಅವರೇ ಬಿಡಲ್ಲ, ಬೌನ್ಸ್ 5% ದಾಟಿದ್ರೆ ಖಾತೆ ಪರಿಶೀಲನೆಗೆ ಹೋಗತ್ತೆ, 10% ದಾಟಿದ್ರೆ ಕಳಿಸೋದನ್ನೇ ನಿಲ್ಲಿಸಬಹುದು. ಹತ್ತರಲ್ಲಿ ಒಬ್ಬರು ಅಂತ ಬರೆದಿದ್ದೀರಲ್ಲ, ಅದು ಪೂರ್ತಿ ಬೌನ್ಸೇ ಆಗಿದ್ರೆ ನೀವು ಆ ಗೆರೆ ಮೇಲೇ ನಿಂತಿದ್ದೀರಿ. 5.1.1 ಬಂದ ವಿಳಾಸಗಳನ್ನ ಒಂದು ಕಪ್ಪುಪಟ್ಟಿಯಲ್ಲಿ ಬರೆದು ಮುಂದೆ ಕಳಿಸೋ ಮೊದಲು ಅದನ್ನ ನೋಡಿ, ಗಿರಾಕಿ ಬಂದು ವಿಳಾಸ ತಿದ್ದಿದ್ರೆ ಹೊಸತಕ್ಕೆ ಕಳಿಸಿ.

ಬೌನ್ಸ್ ಆಗದೇನೂ ಬರಲಿಲ್ಲ ಅನ್ನೋರ ಮೇಲ್ ಹೆಚ್ಚಾಗಿ ಸ್ಪ್ಯಾಮ್ ಫೋಲ್ಡರಲ್ಲಿ ಇರತ್ತೆ, ಅದಕ್ಕೆ ಎರರ್ ಬರೋದೇ ಇಲ್ಲ, ಯಾವ ಟ್ರೈ-ಕ್ಯಾಚೂ ಹಿಡಿಯಲ್ಲ. ಅಲ್ಲಿ ಕೆಲಸ ಕೋಡಿಂದಲ್ಲ, ಡೊಮೈನ್ ಸೆಟ್ಟಿಂಗಿನದ್ದು, ಮೇಲ್ ನಿಜಕ್ಕೂ ನಿಮ್ಮ ಡೊಮೈನಿಂದಲೇ ಬಂದಿದ್ದು ಅಂತ ತೋರಿಸೋ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಮೂರೂ ಸರಿ ಇಡಬೇಕು. ದಿನಕ್ಕೆ 5000ಕ್ಕೂ ಹೆಚ್ಚು ಕಳಿಸೋರಿಗೆ ಮೂರೂ ಕಡ್ಡಾಯ ಅಂತ ಜಿಮೇಲ್ 2024ರ ಫೆಬ್ರವರಿಯಿಂದ ಹೇಳಿದೆ, ಸಣ್ಣವರಿಗೂ ಮೊದಲೆರಡರಲ್ಲಿ ಒಂದಾದ್ರೂ ಬೇಕೇ ಬೇಕು.

ಕುಮಟಾದಿಂದ

ಪ್ರಶ್ನೆ: ಕಳಿಸೋ ಮೊದಲೇ ವಿಳಾಸ ನಿಜವಾ ಸುಳ್ಳಾ ಅಂತ ಪರೀಕ್ಷೆ ಮಾಡೋ ರೆಜೆಕ್ಸ್ (ಅಕ್ಷರಗಳ ಮಾದರಿ ನೋಡೋ ಸೂತ್ರ) ಇದ್ರೆ ಕೊಡಿ.

ಉತ್ತರ: ಇಲ್ಲ. ರೆಜೆಕ್ಸ್ ನೋಡೋದು ಬರೆದಿದ್ದು ವಿಳಾಸದ ಹಾಗೆ ಕಾಣತ್ತಾ ಅಂತ ಅಷ್ಟೇ, ಆ ಮನೆಯಲ್ಲಿ ಜನ ಇದ್ದಾರಾ ಅಂತ ಅಲ್ಲ. ಎಸ್‌ಎಂಟಿಪಿಯಲ್ಲಿ ವೆರಿಫೈ ಅಂತ ಒಂದು ಆಜ್ಞೆ ಇತ್ತು, ಸ್ಪ್ಯಾಮಿನವರು ಅದನ್ನೇ ಹಿಡ್ಕೊಂಡು ಹೆಸರು ಹೆಕ್ಕೋಕೆ ಶುರು ಮಾಡಿದ ಮೇಲೆ ಹೆಚ್ಚಿನವರು ಮುಚ್ಚಿದ್ರು. ಅಟ್ ಚಿಹ್ನೆ ಇದ್ಯಾ, ಮುಂದೆ ಡೊಮೈನ್ ಇದ್ಯಾ ನೋಡಿ, ಆಮೇಲೆ ಒಂದು ದೃಢೀಕರಣ ಲಿಂಕ್ ಕಳಿಸಿ. ಒತ್ತಿದ್ರೆ ನಿಜ.

ಹೊನ್ನಾವರದಿಂದ

ಪ್ರಶ್ನೆ: ಎರರ್ ಹಿಡಿಯೋ ಕೋಡ್ ಬರೆದಿದ್ದೇನೆ, ಆದ್ರೆ ಎರರ್ ಬರೋದನ್ನ ಕಾಯ್ತಾ ಕೂರೋಕೆ ಆಗತ್ತಾ? ಬೇಕಂತಲೇ ತಪ್ಪು ಮಾಡಿಸಿ ಪರೀಕ್ಷೆ ಮಾಡೋದು ಹೇಗೆ? ಹೋದ ಸಲ ಟೆಸ್ಟ್ ಮಾಡೋಕೆ ಹೋಗಿ ‘ಅಆಇಈ ಟೆಸ್ಟ್ 3’ ಅಂತ ನಿಜವಾದ ಗಿರಾಕಿಗಳಿಗೇ ಹೋಯ್ತು.

ಉತ್ತರ: ನಿಮ್ಮ ಮೆಷಿನ್ನಿನಲ್ಲೇ ಓಡೋ ಸುಳ್ಳು ಮೇಲ್ ಸರ್ವರ್ ಹಾಕ್ಕೊಳ್ಳಿ, ಮೇಲ್‌ಪಿಟ್ ಅಂತ ಒಂದು ಪುಕ್ಕಟೆ ಸಿಗತ್ತೆ, ಬಂದ ಮೇಲನ್ನೆಲ್ಲ ಹಿಡಿದು ಬ್ರೌಸರಲ್ಲಿ ತೋರಿಸತ್ತೆ, ಹೊರಗೆ ಒಂದೂ ಬಿಡಲ್ಲ. ಟೆಸ್ಟಿನ ಡೇಟಾದಲ್ಲಿ ನಿಜವಾದ ವಿಳಾಸ ಇಡಲೇಬೇಡಿ, ಎಕ್ಸಾಂಪಲ್ ಡಾಟ್ ಕಾಮ್ ಅನ್ನೋ ಡೊಮೈನನ್ನ ಇದಕ್ಕೇ ಅಂತ 1999ರಿಂದ ಮೀಸಲಿಟ್ಟಿದ್ದಾರೆ. 4ರ ಎರರು 5ರ ಎರರು ಬೇಕಾದಾಗ ಪೈಥಾನಲ್ಲೋ ನೋಡ್ ಜೆಎಸ್‌ನಲ್ಲೋ 20-30 ಸಾಲಿನ ಒಂದು ಸುಳ್ಳು ಸರ್ವರ್ ನೀವೇ ಬರೀಬಹುದು, ವಿಳಾಸ 451 ಅಂತ ಶುರುವಾದ್ರೆ 451 ಹೇಳು, 550 ಅಂತ ಶುರುವಾದ್ರೆ 550 ಹೇಳು, ‘ಸುಮ್ಮನೆ’ ಅಂತ ಇದ್ರೆ ಚುಕ್ಕಿ ಬಂದ ಮೇಲೆ ಉತ್ತರ ಕೊಡದೇ ಲೈನ್ ಕಟ್ ಮಾಡು ಅಂತ. ಈ ಮೂರನೇದನ್ನ ಯಾರೂ ಪರೀಕ್ಷೆ ಮಾಡಲ್ಲ, ನನಗೆ 23 ಮಿಸ್ಡ್ ಕಾಲ್ ಬಂದಿದ್ದು ಅದರಿಂದಲೇ. ಕಳಿಸೋ ಪ್ರೋಗ್ರಾಮನ್ನ ಕೆಲಸದ ನಡುವೆ ಒಮ್ಮೆ ಕೊಂದು ಮತ್ತೆ ಎಬ್ಬಿಸಿಯೂ ನೋಡಿ, ಬಾಕಿ ಇದ್ದಿದ್ದು ಬಾಕಿಯೇ ಇದ್ಯಾ ಅಂತ. ಇದಕ್ಕೆ ಬಟನ್ ಒತ್ತೋ ಶ್ರಮವೂ ಬೇಡ, ನಮ್ಮ ಕಡೆ ಆಷಾಢದಲ್ಲಾದ್ರೆ ಮಧ್ಯಾಹ್ನದ ತನಕ ಕಾದ್ರೆ ಕರೆಂಟಿನವರೇ ಮಾಡಿಕೊಡ್ತಾರೆ.